ಓದುಗರ ಪ್ರಶ್ನೆ: ವಯಸ್ಸಿನ ಎಣಿಕೆ ಹುಟ್ಟಿನಿಂದಲೇ ಏಕೆ?

ಈ ಬಾರಿ ಬಂದ ಪ್ರಶ್ನೆಗಳಲ್ಲಿ ಐದು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಮುಟ್ಟಿದ್ದವು. ಅವನ್ನು ಒಟ್ಟಿಗೆ ತೆಗೆದುಕೊಂಡು ಉತ್ತರಿಸಲಾಗಿದೆ.

ಪ್ರಶ್ನೆ: ಮಗುವಿನ ಜೀವ ತಾಯಿಯ ಗರ್ಭದಲ್ಲಿಯೇ ಆರಂಭವಾಗುತ್ತದೆ. ಅಲ್ಲಿಯೇ ಅದರ ಹೃದಯ ಬಡಿಯುತ್ತದೆ, ಕೈಕಾಲು ಆಡುತ್ತವೆ, ಹೊರಗಿನ ದನಿ ಕಿವಿಗೆ ಬೀಳುತ್ತದೆ. ಹೀಗಿರುವಾಗ ಆ ಒಂಬತ್ತು ತಿಂಗಳನ್ನು ಲೆಕ್ಕದಿಂದ ಕೈಬಿಟ್ಟು ಹುಟ್ಟಿದ ದಿನದಿಂದ ವಯಸ್ಸನ್ನು ಎಣಿಸುವುದು ಸರಿಯೇ? ಗರ್ಭ ನಿಂತ ದಿನದಿಂದ ಎಣಿಸುವುದು ಹೆಚ್ಚು ವೈಜ್ಞಾನಿಕವಲ್ಲವೇ?

ಉತ್ತರ: ವಯಸ್ಸೆಂಬುದು ಒಂದು ಜೀವ ಎಷ್ಟು ಕಾಲದಿಂದ ಇದೆ ಎಂಬುದರ ಅಳತೆ ಎಂದು ಭಾವಿಸಿ ನೀವು ಈ ಪ್ರಶ್ನೆಯನ್ನು ಕೇಳಿದ್ದೀರಿ. ಹಾಗೆ ಭಾವಿಸಿದರೆ ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಆದರೆ ವಯಸ್ಸು ನಮಗೆ ಯಾವ ಯಾವ ಸಂದರ್ಭದಲ್ಲಿ ಬೇಕಾಗುತ್ತದೆ ಎಂಬುದನ್ನು ಗಮನಿಸಿ ನೋಡಿ: ಮಗುವನ್ನು ಶಾಲೆಗೆ ಸೇರಿಸುವಾಗ, ಮತದಾರರ ಪಟ್ಟಿಗೆ ಹೆಸರು ಬರೆಸುವಾಗ, ನಿವೃತ್ತಿಯ ದಿನವನ್ನು ಗೊತ್ತುಪಡಿಸುವಾಗ, ಅಪರಾಧ ಮಾಡಿದವನು ಬಾಲಕನೋ ವಯಸ್ಕನೋ ಎಂದು ನ್ಯಾಯಾಲಯ ತೀರ್ಮಾನಿಸುವಾಗ. ಇವೆಲ್ಲ ಒಬ್ಬ ವ್ಯಕ್ತಿಯ ಬಗ್ಗೆ ಇತರರು ತಕರಾರಿಲ್ಲದೆ ಒಪ್ಪಬೇಕಾದ ಸಂಗತಿಗಳು. ಇತರರು ಒಪ್ಪಬೇಕಾದರೆ ಎಣಿಕೆಯ ಮೊದಲ ಗಳಿಗೆಗೆ ಸಾಕ್ಷಿ ಇರಬೇಕು, ಅದು ಎಲ್ಲರ ವಿಷಯದಲ್ಲಿಯೂ ಒಂದೇ ಬಗೆಯಲ್ಲಿ ಗುರುತಿಸಬಹುದಾದದ್ದಾಗಿರಬೇಕು. ಹುಟ್ಟಿಗೆ ಈ ಎರಡು ಗುಣಗಳೂ ಇವೆ, ಗರ್ಭಧಾರಣೆಗೆ ಎರಡೂ ಇಲ್ಲ. ನನ್ನ ಉತ್ತರದ ಸಾರ ಇಷ್ಟೇ ಆದರೂ, ಗರ್ಭಧಾರಣೆಗೆ ಈ ಗುಣಗಳು ಏಕಿಲ್ಲ ಎಂಬುದನ್ನು ವಿವರವಾಗಿ ನೋಡಬೇಕು, ಏಕೆಂದರೆ ‘ವೈಜ್ಞಾನಿಕ’ ಎಂಬ ನಿಮ್ಮ ಮಾತಿಗೆ ಉತ್ತರವಿರುವುದು ಅಲ್ಲಿಯೇ.

ಮೊದಲನೆಯದಾಗಿ, ಗರ್ಭಧಾರಣೆ ಯಾವಾಗ ಆಯಿತು ಎಂಬುದು ಸಾಮಾನ್ಯವಾಗಿ ಯಾರಿಗೂ ತಿಳಿದಿರುವುದಿಲ್ಲ. ಯಾರ ದೇಹದೊಳಗೆ ಅದು ನಡೆಯುತ್ತದೆಯೋ ಆ ತಾಯಿಗೂ ತಿಳಿದಿರುವುದಿಲ್ಲ. ದಂಪತಿಗಳು ಕೂಡಿದ ದಿನವೇ ಗರ್ಭಧಾರಣೆಯ ದಿನ ಎಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ವೀರ್ಯಾಣುಗಳು ಸ್ತ್ರೀಯ ದೇಹದೊಳಗೆ ಐದು ದಿನಗಳವರೆಗೂ ಜೀವಂತವಾಗಿರಬಲ್ಲವು. ಅಂಡಾಶಯದಿಂದ ಹೊರಬಿದ್ದ ಅಂಡಾಣು ಫಲಿತವಾಗದೆ ಉಳಿದರೆ ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಆದ್ದರಿಂದ ಸೋಮವಾರದ ಮಿಲನದಿಂದ ಶುಕ್ರವಾರ ಗರ್ಭ ನಿಲ್ಲಬಹುದು. ಆ ನಡುವೆ ಒಂದಕ್ಕಿಂತ ಹೆಚ್ಚು ಬಾರಿ ಮಿಲನವಾಗಿದ್ದರೆ ಯಾವುದರಿಂದ ಗರ್ಭ ನಿಂತಿತು ಎಂದು ಹೇಳಲು ದಾರಿಯಿಲ್ಲ. ಇನ್ನು ಇಂಥ ದಿನಾಂಕವನ್ನು ಸರ್ಕಾರಿ ದಾಖಲೆಗೆ ಬರೆಸಬೇಕೆಂದರೆ, ದಂಪತಿಗಳ ಖಾಸಗಿ ಬದುಕಿನ ವಿವರವನ್ನು ಗುಮಾಸ್ತರೊಬ್ಬರ ಮುಂದೆ ಹೇಳಿಕೆಯಾಗಿ ನೀಡಬೇಕಾಗುತ್ತದೆ. ಅಂಥ ಹೇಳಿಕೆಯನ್ನು ಪರಿಶೀಲಿಸುವ ಬಗೆಯೂ ಇಲ್ಲ, ಪರಿಶೀಲಿಸುವುದು ಸಭ್ಯವೂ ಅಲ್ಲ.

ಎರಡನೆಯ ತೊಡಕು ಇನ್ನೂ ಆಳವಾದದ್ದು. ಎಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ಕಾಣುವಂತಿದ್ದರೂ ‘ಗರ್ಭಧಾರಣೆಯ ಕ್ಷಣ’ ಎಂದು ಬೆರಳಿಟ್ಟು ತೋರಿಸಬಹುದಾದ ಕ್ಷಣವೊಂದು ಸಿಗುವುದಿಲ್ಲ. ವೀರ್ಯಾಣು ಅಂಡಾಣುವಿನ ಹೊರಪದರವನ್ನು ಭೇದಿಸಿ ಒಳಗೆ ಸೇರಿದ ನಂತರ ತಂದೆಯ ಮತ್ತು ತಾಯಿಯ ವರ್ಣತಂತುಗಳು ಒಂದೆಡೆ ಬರುವುದಕ್ಕೆ ಸುಮಾರು ಒಂದು ದಿನ ಹಿಡಿಯುತ್ತದೆ. ಫಲಿತ ಅಂಡವು ವಿಭಜನೆಗೊಳ್ಳುತ್ತಾ ಅಂಡನಾಳದಲ್ಲಿ ಸಾಗಿ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಮತ್ತೆ ಆರರಿಂದ ಹತ್ತು ದಿನಗಳು ಬೇಕು. ಹಾಗೆ ಅಂಟಿಕೊಂಡ ಬಳಿಕವೇ ತಾಯಿಯ ದೇಹಕ್ಕೆ ಸುಳಿವು ಸಿಗುತ್ತದೆ, ಬಸಿರಿನ ಪರೀಕ್ಷೆಯಲ್ಲಿ ಗೆರೆ ಮೂಡುವುದೂ ಆಮೇಲೆಯೇ. ಅಂಟಿಕೊಳ್ಳದೆ ಹೋದ ಫಲಿತ ಅಂಡಗಳು ಯಾರ ಗಮನಕ್ಕೂ ಬಾರದೆ ಮುಟ್ಟಿನೊಂದಿಗೆ ಹೊರಹೋಗುತ್ತವೆ. ಈ ಸರಣಿಯಲ್ಲಿ ಯಾವುದನ್ನು ಮೊದಲ ದಿನವೆಂದು ಕರೆಯಬೇಕು? ಪ್ರವೇಶವನ್ನೋ, ಸಂಯೋಗವನ್ನೋ, ಅಂಟಿಕೊಂಡದ್ದನ್ನೋ? ಒಂದೊಂದಕ್ಕೂ ಒಂದೊಂದು ಸಮರ್ಥನೆಯನ್ನು ಕೊಡಬಹುದು. ಸಮರ್ಥನೆ ಬೇಕಾಗುವ ಕ್ಷಣವು ಎಣಿಕೆಯ ಆರಂಭಕ್ಕೆ ಒದಗುವುದಿಲ್ಲ.

ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರೆ ವಿಷಯ ಮತ್ತಷ್ಟು ಜಟಿಲವಾಗುತ್ತದೆ. ನಿಮ್ಮನ್ನು ರೂಪಿಸಿದ ಅಂಡಾಣು ನಿಮ್ಮ ತಾಯಿ ಬೆಳೆದು ದೊಡ್ಡವರಾದ ಮೇಲೆ ಹುಟ್ಟಿಕೊಂಡದ್ದಲ್ಲ. ಹೆಣ್ಣು ಭ್ರೂಣದ ಅಂಡಾಶಯದಲ್ಲಿ, ಅದು ಇನ್ನೂ ತನ್ನ ತಾಯಿಯ ಗರ್ಭದಲ್ಲಿರುವಾಗಲೇ, ಅಂಡಾಣುಗಳ ಮೂಲಕೋಶಗಳು ಸಿದ್ಧವಾಗಿರುತ್ತವೆ. ಸುಮಾರು ಇಪ್ಪತ್ತನೆಯ ವಾರದಲ್ಲಿ ಅವುಗಳ ಸಂಖ್ಯೆ 60–70 ಲಕ್ಷದಷ್ಟಿದ್ದು, ಹುಟ್ಟುವ ವೇಳೆಗೆ 10–20 ಲಕ್ಷಕ್ಕೆ ಇಳಿದಿರುತ್ತದೆ. ಅಂದರೆ ನಿಮ್ಮ ಅರ್ಧಭಾಗವು ನಿಮ್ಮ ಅಜ್ಜಿಯ ಒಡಲಲ್ಲಿಯೇ ಒಂದು ಜೀವಕೋಶವಾಗಿ ಇತ್ತು. ಜೀವವು ಜೀವದಿಂದಲೇ ಬರುತ್ತದೆ, ನಡುವೆ ಎಲ್ಲಿಯೂ ತುಂಡಾಗುವುದಿಲ್ಲ. ‘ಜೀವ ಆರಂಭವಾದ ದಿನದಿಂದ’ ಎಂದು ಹಟ ಹಿಡಿದರೆ ಎಣಿಕೆ ಗರ್ಭಧಾರಣೆಯಲ್ಲಿ ನಿಲ್ಲದೆ ಹಿಂದಕ್ಕೆ ಸರಿಯುತ್ತಲೇ ಹೋಗುತ್ತದೆ. ಮತ್ತೊಂದು ದಿಕ್ಕಿನಿಂದ ನೋಡಿದರೆ, ಒಂದೇ ಫಲಿತ ಅಂಡವು ಸುಮಾರು ಎರಡು ವಾರಗಳವರೆಗೆ ಸೀಳಿ ಇಬ್ಬರಾಗುವ ಸಾಧ್ಯತೆಯನ್ನು ಉಳಿಸಿಕೊಂಡಿರುತ್ತದೆ. ತದ್ರೂಪಿ ಅವಳಿಗಳು ಹುಟ್ಟುವುದು ಹೀಗೆಯೇ. ಅಲ್ಲಿಯವರೆಗೆ ಯಾರ ವಯಸ್ಸನ್ನು ಎಣಿಸುತ್ತಿದ್ದೇವೆ ಎಂಬ ಪ್ರಶ್ನೆಗೆ ‘ಒಬ್ಬರದು’ ಎಂಬ ಉತ್ತರ ಕೂಡ ಖಚಿತವಲ್ಲ. ಭ್ರೂಣದ ಮೇಲಿನ ಸಂಶೋಧನೆಗೆ ಬ್ರಿಟನ್ನಿನ ವಾರ್ನಾಕ್ ಸಮಿತಿಯು 1984ರಲ್ಲಿ ಹದಿನಾಲ್ಕು ದಿನಗಳ ಮಿತಿಯನ್ನು ಸೂಚಿಸಿದಾಗ ಅದರ ಮುಂದಿದ್ದ ಪರಿಗಣನೆಗಳಲ್ಲಿ ಇದೂ ಒಂದು.

ಇತ್ತೀಚಿನ ಸಂಶೋಧನೆಯೊಂದನ್ನೂ ಇಲ್ಲಿ ಹೇಳಬೇಕು. ಜೀವಕೋಶಗಳ ಡಿಎನ್‌ಎ ಮೇಲೆ ಕಾಲಕ್ರಮದಲ್ಲಿ ಮೂಡುವ ರಾಸಾಯನಿಕ ಗುರುತುಗಳನ್ನು ಓದಿ ದೇಹದ ಜೈವಿಕ ವಯಸ್ಸನ್ನು ಅಂದಾಜು ಮಾಡುವ ವಿಧಾನವನ್ನು ಸ್ಟೀವ್ ಹೋರ್ವತ್ 2013ರಲ್ಲಿ ಪ್ರಕಟಿಸಿದರು. ಅಂಥ ವಿಧಾನಗಳನ್ನು ಭ್ರೂಣಗಳಿಗೆ ಅನ್ವಯಿಸಿದ ವಾಡಿಂ ಗ್ಲಾಡಿಶೆವ್ ಮತ್ತು ಸಹೋದ್ಯೋಗಿಗಳು 2021ರಲ್ಲಿ ಕುತೂಹಲಕರ ಫಲಿತಾಂಶವನ್ನು ಮುಂದಿಟ್ಟರು. ಅದರ ಪ್ರಕಾರ ಫಲಿತಗೊಂಡ ನಂತರದ ಮೊದಲ ದಿನಗಳಲ್ಲಿ ಜೈವಿಕ ವಯಸ್ಸು ಏರುವ ಬದಲು ಇಳಿಯುತ್ತದೆ; ತಂದೆತಾಯಿಗಳಿಂದ ಬಂದ ಕೋಶಗಳ ಹಳೆತನ ಅಳಿಸಿಹೋಗಿ, ಭ್ರೂಣದ ಪದರಗಳು ಮೂಡುವ ಹೊತ್ತಿಗೆ ಅದು ಕನಿಷ್ಠ ಮಟ್ಟವನ್ನು ಮುಟ್ಟಿ, ಅಲ್ಲಿಂದಾಚೆ ಏರತೊಡಗುತ್ತದೆ. ಈ ಫಲಿತಾಂಶವನ್ನು ನಂಬುವುದಾದರೆ ಶುದ್ಧ ಜೀವವಿಜ್ಞಾನದ ಸೊನ್ನೆಯು ಹುಟ್ಟಿನಲ್ಲಿಯೂ ಇಲ್ಲ, ಗರ್ಭಧಾರಣೆಯಲ್ಲಿಯೂ ಇಲ್ಲ, ಎರಡರ ನಡುವೆ ಇನ್ನೆಲ್ಲಿಯೋ ಇದೆ. ‘ಹೆಚ್ಚು ವೈಜ್ಞಾನಿಕ’ ಎಂಬ ಕಾರಣಕ್ಕೆ ಗರ್ಭಧಾರಣೆಯನ್ನು ಆರಿಸಿಕೊಳ್ಳುವವರಿಗೆ ಇದು ಅನುಕೂಲಕರ ಸುದ್ದಿಯಲ್ಲ.

ಇದಕ್ಕೆದುರಾಗಿ ಹುಟ್ಟನ್ನು ಇಟ್ಟು ನೋಡಿ. ಹೆರಿಗೆ ಗಂಟೆಗಟ್ಟಲೆ ನಡೆದರೂ ಮಗು ಪೂರ್ತಿಯಾಗಿ ಹೊರಬಂದ ಗಳಿಗೆಯನ್ನು ಗಡಿಯಾರ ನೋಡಿ ಬರೆದಿಡಬಹುದು. ತಾಯಿ ಅಲ್ಲಿರುತ್ತಾಳೆ, ಬಹುಪಾಲು ಸಂದರ್ಭಗಳಲ್ಲಿ ಹೆರಿಗೆ ಮಾಡಿಸುವವರೂ ಇರುತ್ತಾರೆ. ದೇಹದ ಮಟ್ಟಿಗೂ ಅದು ದೊಡ್ಡ ಪಲ್ಲಟವೇ ಹೊರತು ಕೇವಲ ಜಾಗದ ಬದಲಾವಣೆಯಲ್ಲ. ಅದುವರೆಗೆ ದ್ರವದಿಂದ ತುಂಬಿದ್ದ ಶ್ವಾಸಕೋಶಗಳು ಮೊದಲ ಉಸಿರಿನೊಂದಿಗೆ ಗಾಳಿಯಿಂದ ತುಂಬುತ್ತವೆ. ಶ್ವಾಸಕೋಶದ ಮೂಲಕ ಹೋಗದೆ ರಕ್ತ ಬೇರೆ ದಾರಿ ಹಿಡಿಯಲೆಂದು ಹೃದಯದ ಎರಡು ಮೇಲ್ಕೋಣೆಗಳ ನಡುವೆ ಇದ್ದ ಕಿಂಡಿಯೂ, ಮಹಾಧಮನಿಯನ್ನು ಶ್ವಾಸಕೋಶದ ಧಮನಿಯೊಡನೆ ಜೋಡಿಸುತ್ತಿದ್ದ ನಾಳವೂ ಇನ್ನು ಬೇಡವಾಗಿ, ಕೆಲವು ಗಂಟೆಗಳಿಂದ ಕೆಲವು ದಿನಗಳ ಅವಧಿಯಲ್ಲಿ ಕೆಲಸ ನಿಲ್ಲಿಸುತ್ತವೆ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಮಗು ತನ್ನ ಆಮ್ಲಜನಕವನ್ನು ತಾನೇ ಪಡೆಯಬೇಕು, ತನ್ನ ದೇಹದ ಕಾವನ್ನು ತಾನೇ ಕಾಯ್ದುಕೊಳ್ಳಬೇಕು. ಬೇರೊಂದು ದೇಹದೊಳಗಿನ ದೇಹವಾಗಿ ಇದ್ದದ್ದು ಆ ದಿನ ಪ್ರತ್ಯೇಕವಾಗುತ್ತದೆ. ಸಮಾಜವು ‘ಇನ್ನೊಬ್ಬರು ಬಂದರು’ ಎಂದು ಲೆಕ್ಕಕ್ಕೆ ಸೇರಿಸಿಕೊಳ್ಳಲು ಇದಕ್ಕಿಂತ ಯುಕ್ತವಾದ ದಿನವನ್ನು ಹುಡುಕುವುದು ಕಷ್ಟ. ಪಕ್ಷಿಗಳ ವಯಸ್ಸನ್ನು ಮೊಟ್ಟೆಯಿಟ್ಟ ದಿನದ ಬದಲು ಮರಿ ಮೊಟ್ಟೆಯೊಡೆದು ಹೊರಬಂದ ದಿನದಿಂದ ಎಣಿಸುವುದರ ಹಿಂದೆಯೂ ಇದೇ ವಿವೇಕವಿದೆ. ಅಲ್ಲಿ ಮೊಟ್ಟೆಯಿಟ್ಟದ್ದು ಕಣ್ಣಿಗೆ ಕಾಣುವ ಘಟನೆಯಾಗಿದ್ದರೂ ಕೂಡ.

ಇತಿಹಾಸವನ್ನೂ ಮರೆಯುವಂತಿಲ್ಲ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಗುರುತಿಸಿದ್ದು 1827ರಲ್ಲಿ. ವೀರ್ಯಾಣುವಿನ ಮತ್ತು ಅಂಡಾಣುವಿನ ಕೇಂದ್ರಗಳು ಒಂದಾಗುವುದನ್ನು ಆಸ್ಕರ್ ಹರ್ಟ್‌ವಿಗ್ ಕಡಲ ಮುಳ್ಳುಚೆಂಡು ಎಂಬ ಜೀವಿಯಲ್ಲಿ ಕಂಡದ್ದು 1876ರಲ್ಲಿ. ಮನುಷ್ಯರು ವಯಸ್ಸನ್ನು ಎಣಿಸತೊಡಗಿದ್ದು ಇದಕ್ಕಿಂತ ಸಾವಿರಾರು ವರ್ಷಗಳ ಹಿಂದೆ. ಆಗ ಗರ್ಭಧಾರಣೆ ಎಂದರೆ ನಿಖರವಾಗಿ ಏನು ಎಂಬುದೇ ಗೊತ್ತಿಲ್ಲದಿದ್ದಾಗ ಅದರ ದಿನಾಂಕವನ್ನು ಬರೆದಿಡುವ ಮಾತೇ ಏಳುವುದಿಲ್ಲ. ಹಾಗೆಂದು ನಿಮ್ಮ ಪ್ರಶ್ನೆ ಹೊಸದೂ ಅಲ್ಲ. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಟಾಲೆಮಿ ತನ್ನ ಜ್ಯೋತಿಷ ಗ್ರಂಥ ‘ಟೆಟ್ರಾಬಿಬ್ಲಾಸ್’ನಲ್ಲಿ ಇದನ್ನೇ ಚರ್ಚಿಸಿದ್ದಾನೆ. ಸ್ವಭಾವತಃ ಮನುಷ್ಯನ ಆರಂಭವೆಂದರೆ ಗರ್ಭಧಾರಣೆಯ ಸಮಯವೇ, ಅದು ತಿಳಿದಿದ್ದರೆ ಅದನ್ನು ಅನುಸರಿಸುವುದು ಮೇಲು, ಆದರೆ ಬಹುತೇಕ ಅದು ತಿಳಿದಿರುವುದಿಲ್ಲವಾದ್ದರಿಂದ ಹುಟ್ಟಿದ ಸಮಯವನ್ನೇ ಹಿಡಿಯಬೇಕು ಎಂಬುದು ಅವನ ತೀರ್ಮಾನ. ಜ್ಯೋತಿಷದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ನಿಮ್ಮ ವಾದದ ಪೂರ್ವಪಕ್ಷ ಮತ್ತು ಸಿದ್ಧಾಂತ ಎರಡನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಾನೆ.

ಕಾನೂನು ಈ ತೊಡಕನ್ನು ಹೇಗೆ ನಿಭಾಯಿಸುತ್ತದೆ ಎಂಬುದು ಇನ್ನೂ ಸ್ವಾರಸ್ಯಕರ. ಗರ್ಭದಲ್ಲಿರುವ ಶಿಶುವನ್ನು ಕಾನೂನು ಕಡೆಗಣಿಸಿಲ್ಲ. ಶಿಶುವಿಗೆ ಪ್ರಯೋಜನವಾಗುವ ಸಂದರ್ಭದಲ್ಲಿ ಅದನ್ನು ಈಗಾಗಲೇ ಹುಟ್ಟಿದಂತೆಯೇ ಭಾವಿಸಬೇಕೆಂಬ ನಿಯಮ ರೋಮನ್ ಕಾನೂನಿನಿಂದ ಬಂದಿದೆ. ತಂದೆ ತೀರಿಕೊಂಡಾಗ ಗರ್ಭದಲ್ಲಿದ್ದ ಮಗು ಆಸ್ತಿಯಲ್ಲಿ ಪಾಲು ಪಡೆಯುವುದು ಈ ತತ್ತ್ವದ ಮೇಲೆಯೇ, ಆದರೆ ಅದು ಜೀವಂತವಾಗಿ ಹುಟ್ಟಬೇಕೆಂಬ ಷರತ್ತಿನೊಂದಿಗೆ. ಇನ್ನು ಗರ್ಭಧಾರಣೆಯ ದಿನಾಂಕವೇ ಬೇಕೆನಿಸಿದಾಗ ಏನು ಮಾಡುತ್ತಾರೆ? ಫ್ರಾನ್ಸಿನ ನಾಗರಿಕ ಸಂಹಿತೆಯ 311ನೆಯ ವಿಧಿಯು, ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿ, 300ನೆಯ ದಿನ ಮತ್ತು 180ನೆಯ ದಿನದ ನಡುವೆ ಎಂದೋ ಒಂದು ದಿನ ಗರ್ಭ ನಿಂತಿತೆಂದು ಭಾವಿಸಿಕೊಳ್ಳುತ್ತದೆ. ನಾಲ್ಕು ತಿಂಗಳಷ್ಟು ಅಗಲವಾದ ಕಿಟಕಿ ಅದು! ಆ ಕಿಟಕಿಯನ್ನು ಗುರುತಿಸುವುದೂ ಹುಟ್ಟಿನ ದಿನಾಂಕದಿಂದಲೇ ಎಂಬುದನ್ನು ಗಮನಿಸಬೇಕು.

ಕೊನೆಯದಾಗಿ, ಬದಲಾವಣೆಯಿಂದ ಸಿಗುವ ಲಾಭವೇನು ಎಂದು ಕೇಳಿಕೊಳ್ಳೋಣ. ಎಲ್ಲರ ವಯಸ್ಸಿಗೂ ಒಂಬತ್ತು ತಿಂಗಳು ಸೇರಿಸಿದರೆ ಹಿರಿಯರು ಹಿರಿಯರಾಗಿಯೇ, ಕಿರಿಯರು ಕಿರಿಯರಾಗಿಯೇ ಉಳಿಯುತ್ತಾರೆ. ಹದಿನೆಂಟಕ್ಕೆ ಕೊಡುತ್ತಿದ್ದ ಹಕ್ಕನ್ನು ಹದಿನೆಂಟೂ ಮುಕ್ಕಾಲಕ್ಕೆ ಕೊಡುವಂತೆ ಕಾಯಿದೆಯನ್ನು ತಿದ್ದಬೇಕಾಗುತ್ತದೆ, ಅಷ್ಟೆ. ಅದರ ಬದಲು ಪ್ರತಿಯೊಬ್ಬರ ನಿಜವಾದ ಗರ್ಭವಾಸದ ಅವಧಿಯನ್ನೇ ಸೇರಿಸುತ್ತೇವೆಂದರೆ, ಇಂದು ಖಚಿತವಾಗಿರುವ ಸಂಖ್ಯೆಗೆ ಅಂದಾಜಿನ ಸಂಖ್ಯೆಯೊಂದನ್ನು ಕೂಡಿಸಿ ಒಟ್ಟು ಮೊತ್ತವನ್ನೇ ಅಂದಾಜಾಗಿಸಿದಂತೆ. ಹುಟ್ಟಿದ ದಿನಾಂಕವನ್ನಾದರೂ ಎಲ್ಲರದನ್ನೂ ಬರೆದಿಟ್ಟಿದ್ದೇವೆಯೇ ಎಂದರೆ ಅದೂ ಇಲ್ಲ. ಹುಟ್ಟಿದ ಕೂಡಲೇ ಮಗುವಿನ ನೋಂದಣಿಯಾಗಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೆಯ ವಿಧಿ ಹೇಳುತ್ತದೆ. ಆದರೂ ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳ ಜನನ ಎಲ್ಲಿಯೂ ನೋಂದಣಿಯಾಗಿಲ್ಲವೆಂದು ಯುನಿಸೆಫ್ 2024ರಲ್ಲಿ ಅಂದಾಜು ಮಾಡಿತು.

ನಿಮ್ಮ ಪಕ್ಷದಲ್ಲಿ ಒಂದು ಮಾತನ್ನು ಒಪ್ಪಲೇಬೇಕು. ಒಂದೇ ಅಂಡದಿಂದ ಬಂದ ಅವಳಿಗಳಲ್ಲಿ ಒಬ್ಬರು ಡಿಸೆಂಬರ್ 31ರ ರಾತ್ರಿ ಹನ್ನೆರಡಕ್ಕೆ ಸ್ವಲ್ಪ ಮೊದಲೂ ಇನ್ನೊಬ್ಬರು ಸ್ವಲ್ಪ ನಂತರವೂ ಹುಟ್ಟಿದರೆ, ಈಗಿನ ಲೆಕ್ಕದಲ್ಲಿ ಅವರ ಹುಟ್ಟಿದ ವರ್ಷವೇ ಬೇರೆಯಾಗುತ್ತದೆ. ಗರ್ಭಧಾರಣೆಯಿಂದ ಎಣಿಸಿದರೆ ಈ ವಿಪರ್ಯಾಸ ಇರುವುದಿಲ್ಲ.

ಪ್ರಶ್ನೆ: ವೈದ್ಯರು ಗರ್ಭಾವಸ್ಥೆ ನಲವತ್ತು ವಾರ ಎನ್ನುತ್ತಾರೆ. ಆದರೆ ಗರ್ಭ ನಿಂತ ದಿನದಿಂದ ಲೆಕ್ಕ ಹಾಕಿದರೆ ಮೂವತ್ತೆಂಟೇ ವಾರ ಬರುತ್ತದೆ ಎಂದು ಓದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಆರಂಭದ ದಿನ ಮಾತ್ರ ಬೇರೆ. ಗರ್ಭ ನಿಂತ ದಿನ ತಿಳಿಯದು ಎಂಬ ತೊಡಕು ಎಲ್ಲರಿಗಿಂತ ಮೊದಲು ಎದುರಾಗುವುದು ವೈದ್ಯರಿಗೇ. ಅವರು ಅದಕ್ಕೆ ಕಂಡುಕೊಂಡ ಪರಿಹಾರವೆಂದರೆ ಹೆಣ್ಣಿಗೆ ಖಚಿತವಾಗಿ ನೆನಪಿರಬಹುದಾದ ದಿನವೊಂದನ್ನು ಹಿಡಿಯುವುದು. ಅದು ಕೊನೆಯ ಮುಟ್ಟಿನ ಮೊದಲ ದಿನ. ಅಲ್ಲಿಂದ 280 ದಿನಗಳಿಗೆ, ಅಂದರೆ ನಲವತ್ತು ವಾರಕ್ಕೆ, ಹೆರಿಗೆಯನ್ನು ನಿರೀಕ್ಷಿಸಲಾಗುತ್ತದೆ. ಜರ್ಮನಿಯ ಪ್ರಸೂತಿ ತಜ್ಞ ಫ್ರಾಂಜ್ ನೇಗೆಲ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರದಂತೆ, ಆ ದಿನಾಂಕಕ್ಕೆ ಏಳು ದಿನ ಕೂಡಿಸಿ ಮೂರು ತಿಂಗಳು ಕಳೆಯಬೇಕು: ಜನವರಿ 10ರಂದು ಮುಟ್ಟಾಗಿದ್ದರೆ ಅಕ್ಟೋಬರ್ 17. ಇಪ್ಪತ್ತೆಂಟು ದಿನಗಳ ಋತುಚಕ್ರದಲ್ಲಿ ಅಂಡಾಣು ಹೊರಬೀಳುವುದು ಸುಮಾರು ಹದಿನಾಲ್ಕನೆಯ ದಿನ. ಆದ್ದರಿಂದ ಈ ಲೆಕ್ಕದ ಮೊದಲ ಎರಡು ವಾರಗಳಲ್ಲಿ ಬಸಿರು ಇನ್ನೂ ನಿಂತೇ ಇರುವುದಿಲ್ಲ. ಆ ಎರಡು ವಾರ ಕಳೆದರೆ ನೀವು ಓದಿದ ಮೂವತ್ತೆಂಟು ವಾರ, ಅಂದರೆ 266 ದಿನ ಸಿಗುತ್ತದೆ. ಗರ್ಭದ ಆಯುಷ್ಯವನ್ನೇ ಅಳೆಯಬೇಕಾದ ವೈದ್ಯಶಾಸ್ತ್ರವೂ ಗರ್ಭಧಾರಣೆಯನ್ನು ಬಿಟ್ಟು ಕಣ್ಣಿಗೆ ಕಾಣುವ ಇನ್ನೊಂದು ದಿನವನ್ನು ಆರಿಸಿಕೊಂಡಿದೆ ಎಂಬುದು, ನನ್ನ ದೃಷ್ಟಿಯಲ್ಲಿ, ಮೊದಲ ಪ್ರಶ್ನೆಗೆ ಸಿಗಬಹುದಾದ ಅತ್ಯಂತ ಗಟ್ಟಿಯಾದ ಪುರಾವೆ.

ಋತುಚಕ್ರ ಏರುಪೇರಾಗಿರುವವರಲ್ಲಿ ಈ ಸೂತ್ರ ನಡೆಯುವುದಿಲ್ಲ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಶ್ರವಣಾತೀತ ಧ್ವನಿಯಿಂದ ಗರ್ಭವನ್ನು ನೋಡುವ ವಿಧಾನವನ್ನು ಪ್ರಕಟಿಸಿದ ನಂತರ, ಕಾಲಕ್ರಮದಲ್ಲಿ ಸ್ಕ್ಯಾನ್‌ನಿಂದ ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದವನ್ನು ಅಳೆದು ದಿನಾಂಕವನ್ನು ಗೊತ್ತುಪಡಿಸುವುದು ರೂಢಿಗೆ ಬಂತು. ಮೊದಲ ಮೂರು ತಿಂಗಳಲ್ಲಿ ಮಾಡಿದ ಇಂಥ ಅಳತೆಯಲ್ಲಿಯೂ ಐದರಿಂದ ಏಳು ದಿನಗಳಷ್ಟು ಹೆಚ್ಚುಕಡಿಮೆ ಇರುತ್ತದೆ. ದಿನ ಕಳೆದಂತೆ ಮಕ್ಕಳ ಬೆಳವಣಿಗೆಯಲ್ಲಿ ವ್ಯತ್ಯಾಸ ಹೆಚ್ಚುವುದರಿಂದ ಅಂದಾಜು ಇನ್ನಷ್ಟು ಸಡಿಲವಾಗುತ್ತದೆ.

ಇದರೊಂದಿಗೆ ಗರ್ಭವಾಸದ ಅವಧಿಯೂ ಎಲ್ಲರಿಗೂ ಒಂದೇ ಅಲ್ಲ. ಹಾರ್ಮೋನುಗಳ ಅಳತೆಯಿಂದ ಅಂಡಾಣು ಹೊರಬಿದ್ದ ದಿನವನ್ನೇ ಗುರುತಿಸಿ, ಅಲ್ಲಿಂದ ಹೆರಿಗೆಯವರೆಗೆ 125 ಬಸಿರುಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮಧ್ಯದ ಅವಧಿ 268 ದಿನ ಇತ್ತು. ದಿನ ತುಂಬದ ಹೆರಿಗೆಗಳನ್ನು ಬಿಟ್ಟ ಮೇಲೂ ಅತಿ ಚಿಕ್ಕ ಮತ್ತು ಅತಿ ದೀರ್ಘ ಅವಧಿಗಳ ನಡುವೆ 37 ದಿನಗಳ ಅಂತರವಿತ್ತು. ವೈದ್ಯರು ಕೊಟ್ಟ ದಿನಾಂಕದಂದೇ ಹೆರಿಗೆಯಾಗುವುದು ನೂರರಲ್ಲಿ ನಾಲ್ಕೈದು ಮಂದಿಗೆ ಮಾತ್ರ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆ: ನಮ್ಮ ಶಾಸ್ತ್ರಗಳಲ್ಲಿ ‘ಗರ್ಭಾಷ್ಟಮ’ ಎಂಬ ಎಣಿಕೆ ಇದೆ. ಕೊರಿಯಾದಲ್ಲಿಯೂ ಹುಟ್ಟಿದ ಮಗುವಿಗೆ ಒಂದು ವರ್ಷ ಎನ್ನುತ್ತಿದ್ದರಂತೆ. ಇವು ಗರ್ಭದಿಂದ ಎಣಿಸಿದ ಉದಾಹರಣೆಗಳಲ್ಲವೇ?

ಉತ್ತರ: ಮೊದಲನೆಯದು ಹೌದು, ಎರಡನೆಯದು ಅನುಮಾನ.

ಮನುಸ್ಮೃತಿಯ ಎರಡನೆಯ ಅಧ್ಯಾಯವು ಉಪನಯನಕ್ಕೆ ಆಯಾ ವರ್ಣದವರಿಗೆ ಗರ್ಭದಿಂದ ಎಂಟನೆಯ, ಹನ್ನೊಂದನೆಯ ಮತ್ತು ಹನ್ನೆರಡನೆಯ ವರ್ಷಗಳನ್ನು ಹೇಳುತ್ತದೆ. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಇದಕ್ಕಿಂತ ಸ್ಪಷ್ಟವಾದ ಪ್ರಸಂಗವಿದೆ. ಇಪ್ಪತ್ತು ವರ್ಷ ತುಂಬದವರಿಗೆ ಉಪಸಂಪದೆ, ಅಂದರೆ ಭಿಕ್ಷುವಾಗುವ ಪೂರ್ಣ ದೀಕ್ಷೆ, ಕೊಡಬಾರದೆಂಬ ನಿಯಮವಿತ್ತು. ಕುಮಾರ ಕಸ್ಸಪನಿಗೆ ಗರ್ಭವಾಸವನ್ನು ಸೇರಿಸಿಕೊಂಡರೆ ಮಾತ್ರ ಇಪ್ಪತ್ತಾಗುತ್ತಿತ್ತು. ಅವನಿಗೆ ಕೊಟ್ಟ ಉಪಸಂಪದೆ ಸಿಂಧುವೇ ಎಂಬ ಸಂದೇಹ ಬಂದಾಗ, ತಾಯಿಯ ಗರ್ಭದಲ್ಲಿ ಮೊದಲ ಚಿತ್ತ ಉದಿಸಿದಾಗಲೇ ಜನ್ಮವೆಂದು ತಿಳಿಯಬೇಕು ಎಂದು ಹೇಳಿ ಬುದ್ಧನು ಅದನ್ನು ಒಪ್ಪಿದನೆಂದು ಅಲ್ಲಿ ಬರುತ್ತದೆ. ತಾತ್ತ್ವಿಕವಾಗಿ ಇದು ನಿಮ್ಮ ಪಕ್ಷವನ್ನೇ ಹಿಡಿಯುತ್ತದೆ. ಆದರೆ ಆಚರಣೆಯಲ್ಲಿ ಏನಾಗುತ್ತದೆ ಎಂಬುದನ್ನು ನೋಡಿ: ಮೊದಲ ಚಿತ್ತ ಉದಿಸಿದ ದಿನವನ್ನು ಯಾರೂ ಬರೆದಿಟ್ಟಿರುವುದಿಲ್ಲ. ಹುಟ್ಟಿದ ದಿನವನ್ನು ಹಿಡಿದು ಅದಕ್ಕೆ ಗರ್ಭವಾಸದ ತಿಂಗಳುಗಳನ್ನು ಕೂಡಿಸಿಯೇ ಗರ್ಭದಿಂದ ಎಂಟನೆಯದೋ ಇಪ್ಪತ್ತನೆಯದೋ ಎಂದು ನಿರ್ಧರಿಸಬೇಕು. ಗರ್ಭದ ಎಣಿಕೆಯೂ ಹುಟ್ಟಿನ ಎಣಿಕೆಯ ಹೆಗಲ ಮೇಲೆಯೇ ಕುಳಿತಿದೆ.

ಕೊರಿಯಾದ ಸಾಂಪ್ರದಾಯಿಕ ಎಣಿಕೆಯಲ್ಲಿ ಮಗು ಹುಟ್ಟುತ್ತಲೇ ಒಂದು ವರ್ಷದ್ದಾಗುತ್ತಿತ್ತು, ಪ್ರತಿ ಹೊಸ ವರ್ಷದ ದಿನ ಎಲ್ಲರಿಗೂ ಒಟ್ಟಿಗೆ ಇನ್ನೊಂದು ವರ್ಷ ಸೇರುತ್ತಿತ್ತು. ಡಿಸೆಂಬರ್ 31ರಂದು ಹುಟ್ಟಿದ ಮಗುವಿಗೆ ಮರುದಿನವೇ ಎರಡು ವರ್ಷ. ಗರ್ಭವಾಸವನ್ನು ಗೌರವಿಸಿ ಈ ಒಂದು ವರ್ಷವನ್ನು ಕೊಡಲಾಗುತ್ತದೆ ಎಂಬ ವಿವರಣೆ ಜನಪ್ರಿಯವಾಗಿದೆ. ಆದರೆ ಗರ್ಭವಾಸವೇ ಕಾರಣವಾಗಿದ್ದರೆ ಹೊಸ ವರ್ಷದ ದಿನ ಎಲ್ಲರಿಗೂ ಒಟ್ಟಿಗೆ ವಯಸ್ಸೇರುವುದಕ್ಕೆ ಅರ್ಥವಿರುತ್ತಿರಲಿಲ್ಲ. ಇದು ತುಂಬಿದ ವರ್ಷಗಳ ಬದಲು ‘ಎಷ್ಟನೆಯ ವರ್ಷ ನಡೆಯುತ್ತಿದೆ’ ಎಂಬುದನ್ನು ಹೇಳುವ ಎಣಿಕೆ ಎಂದು ತಿಳಿಯುವುದು ಹೆಚ್ಚು ಸಮಂಜಸ. ಅಲ್ಲಿ ಸೊನ್ನೆಯನೆಯ ವರ್ಷವೆಂಬುದು ಇರುವುದಿಲ್ಲ. ಜಪಾನ್ 1950ರಿಂದ ಜಾರಿಗೆ ಬಂದ ಕಾನೂನಿನ ಮೂಲಕ, ದಕ್ಷಿಣ ಕೊರಿಯಾ 2023ರ ಜೂನ್ 28ರಿಂದ, ಹುಟ್ಟಿದ ದಿನದಿಂದ ತುಂಬಿದ ವರ್ಷಗಳನ್ನು ಹೇಳುವ ಪದ್ಧತಿಗೆ ಬಂದಿವೆ.

ಪ್ರಶ್ನೆ: ಪ್ರನಾಳ ಶಿಶುಗಳ ವಿಷಯದಲ್ಲಿ ಫಲಿತಗೊಂಡ ದಿನ ನಿಖರವಾಗಿ ಗೊತ್ತಿರುತ್ತದೆಯಲ್ಲ? ಅವರಿಗಾದರೂ ಗರ್ಭಧಾರಣೆಯಿಂದ ವಯಸ್ಸು ಎಣಿಸಬಹುದೇ?

ಉತ್ತರ: ಗೊತ್ತಿರುತ್ತದೆ, ನಿಜ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು 1978ರ ಜುಲೈ 25ರಂದು. ಅದಕ್ಕಾಗಿ ಆಕೆಯ ತಾಯಿಯಿಂದ ಅಂಡಾಣುವನ್ನು ಹೊರತೆಗೆದದ್ದು 1977ರ ನವೆಂಬರ್ 10ರಂದು. ಎರಡೂ ದಿನಾಂಕಗಳು ದಾಖಲೆಯಲ್ಲಿದ್ದರೂ ಹುಟ್ಟುಹಬ್ಬ ಜುಲೈನಲ್ಲಿಯೇ. ಇಂಥ ಬಸಿರುಗಳಲ್ಲಿಯೂ ವೈದ್ಯರು ಫಲಿತಗೊಂಡ ದಿನಕ್ಕೆ ಹಿಂದಿನ ಎರಡು ವಾರಗಳನ್ನು ಸೇರಿಸಿ, ಉಳಿದವರೊಂದಿಗೆ ಹೋಲಿಸಲು ಬರುವಂತೆ ಅದೇ ನಲವತ್ತು ವಾರಗಳ ಲೆಕ್ಕಕ್ಕೆ ತರುತ್ತಾರೆ.

ಆದರೆ ಗರ್ಭಧಾರಣೆಯ ಎಣಿಕೆ ಪೂರ್ತಿಯಾಗಿ ಮುರಿದುಬೀಳುವುದೂ ಇಲ್ಲಿಯೇ. ಹೆಚ್ಚುವರಿ ಭ್ರೂಣಗಳನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಶೈತ್ಯೀಕರಿಸಿ ಇಡುವುದು ಈಗ ಸಾಮಾನ್ಯ. ಆ ಸ್ಥಿತಿಯಲ್ಲಿ ಜೀವಕ್ರಿಯೆಗಳು ಹೆಚ್ಚುಕಡಿಮೆ ನಿಂತೇಹೋಗಿರುತ್ತವೆ. ಅಮೆರಿಕದಲ್ಲಿ 2022ರ ಅಕ್ಟೋಬರ್ 31ರಂದು ಹುಟ್ಟಿದ ಅವಳಿ ಮಕ್ಕಳು, 1992ರ ಏಪ್ರಿಲ್‌ನಲ್ಲಿ ಶೈತ್ಯೀಕರಿಸಿದ್ದ ಭ್ರೂಣಗಳಿಂದ ಬಂದವರು. ಬೇರೊಂದು ದಂಪತಿ ದಾನ ಮಾಡಿದ್ದ ಆ ಭ್ರೂಣಗಳು ಫಲಿತಗೊಂಡಾಗ, ಮಕ್ಕಳನ್ನು ಪಡೆದ ತಂದೆ ಸ್ವತಃ ಐದು ವರ್ಷದ ಬಾಲಕನಾಗಿದ್ದರು. ಗರ್ಭಧಾರಣೆಯಿಂದ ಎಣಿಸುವುದೇ ನಿಯಮವಾಗಿದ್ದರೆ ಈ ಅವಳಿಗಳು ಹುಟ್ಟಿದ ದಿನವೇ ಮೂವತ್ತು ದಾಟಿ, ತೊಟ್ಟಿಲಲ್ಲಿಯೇ ಮತದಾರರಾಗಿರುತ್ತಿದ್ದರು. ಶೈತ್ಯದಲ್ಲಿದ್ದ ಕಾಲವನ್ನು ಕಳೆದು ಎಣಿಸೋಣವೆಂದರೆ ಅದಕ್ಕೊಂದು ಪ್ರತ್ಯೇಕ ನಿಯಮ ಬೇಕು, ಭ್ರೂಣವನ್ನು ಎಷ್ಟನೆಯ ದಿನ ಶೈತ್ಯೀಕರಿಸಿದರು, ಯಾವಾಗ ಕರಗಿಸಿದರು ಎಂಬ ದಾಖಲೆ ಬೇಕು. ಹುಟ್ಟಿದ ದಿನದಿಂದ ಎಣಿಸಿದರೆ ಇದಾವುದರ ಗೊಡವೆಯೂ ಇಲ್ಲ.

ಪ್ರಶ್ನೆ: ನನ್ನ ಮಗು ಎಂಟು ವಾರ ಮೊದಲೇ ಹುಟ್ಟಿತು. ಈಗ ಆರು ತಿಂಗಳು. ಮಕ್ಕಳ ವೈದ್ಯರು ಬೆಳವಣಿಗೆಯ ಲೆಕ್ಕಕ್ಕೆ ನಾಲ್ಕು ತಿಂಗಳೆಂದು ತಿಳಿಯಿರಿ ಎನ್ನುತ್ತಾರೆ. ಅಂದರೆ ಮಗುವಿನ ವಯಸ್ಸು ಯಾವುದು?

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿ. ಹುಟ್ಟಿನಿಂದ ಎಣಿಸುವ ಪದ್ಧತಿ ನಿಜವಾಗಿ ಸೋಲುವ ಸ್ಥಳವೊಂದಿದ್ದರೆ ಅದು ಇದೇ. ಮೂವತ್ತೇಳು ವಾರ ತುಂಬುವ ಮೊದಲು ಹುಟ್ಟಿದ ಮಕ್ಕಳನ್ನು ದಿನ ತುಂಬದ ಮಕ್ಕಳೆಂದು ಪರಿಗಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಹೀಗೆ ಹುಟ್ಟಿದ ಮಕ್ಕಳು ಸುಮಾರು 1 ಕೋಟಿ 34 ಲಕ್ಷ, ಅಂದರೆ ಹತ್ತರಲ್ಲಿ ಒಂದು. ಮೆದುಳು ಮತ್ತು ನರಗಳ ಬೆಳವಣಿಗೆ ಗರ್ಭದ ವಾರಗಳನ್ನು ಅನುಸರಿಸಿ ನಡೆಯುತ್ತದೆಯೇ ಹೊರತು, ಹೊರಗೆ ಬಂದ ಮಾತ್ರಕ್ಕೆ ಮುಂದಕ್ಕೆ ಜಿಗಿಯುವುದಿಲ್ಲ. ಆದ್ದರಿಂದ ನಲವತ್ತು ವಾರಕ್ಕೆ ಎಷ್ಟು ಕಡಿಮೆಯಾಗಿತ್ತೋ ಅಷ್ಟನ್ನು ಕಳೆದು ‘ಸರಿಪಡಿಸಿದ ವಯಸ್ಸು’ ಎಂಬುದನ್ನು ಲೆಕ್ಕ ಹಾಕುತ್ತಾರೆ. ನಿಮ್ಮ ಮಗು ಹುಟ್ಟಿದ್ದು ಮೂವತ್ತೆರಡು ವಾರಕ್ಕೆ, ಕೊರತೆ ಎಂಟು ವಾರ, ಹಾಗಾಗಿ ಆರು ತಿಂಗಳಿನಲ್ಲಿ ಸುಮಾರು ಎರಡು ತಿಂಗಳು ಕಳೆದು ನಾಲ್ಕು ತಿಂಗಳು.

ಮಗು ಕತ್ತು ನಿಲ್ಲಿಸುವುದು, ಮಗ್ಗುಲಾಗುವುದು, ಕುಳಿತುಕೊಳ್ಳುವುದು, ಮಾತಿಗೆ ತೊಡಗುವುದು ಇವುಗಳನ್ನು ಈ ಸರಿಪಡಿಸಿದ ವಯಸ್ಸಿಗೆ ಹೋಲಿಸಿ ನೋಡಬೇಕು. ತೂಕ, ಉದ್ದ ಮತ್ತು ತಲೆಯ ಸುತ್ತಳತೆಯ ನಕ್ಷೆಯಲ್ಲಿಯೂ ಹಾಗೆಯೇ. ಆರು ತಿಂಗಳಾದರೂ ಮಗು ಆರು ತಿಂಗಳ ಮಕ್ಕಳಂತೆ ಮಾಡುತ್ತಿಲ್ಲವೆಂದು ಗಾಬರಿಪಡುವ ಎಷ್ಟೋ ತಾಯಂದಿರ ಆತಂಕಕ್ಕೆ ಈ ಲೆಕ್ಕವನ್ನು ಯಾರೂ ತಿಳಿಸಿ ಹೇಳದಿರುವುದೇ ಕಾರಣ. ಸಾಮಾನ್ಯವಾಗಿ ಎರಡು ವರ್ಷದವರೆಗೆ ಇದನ್ನು ಬಳಸಿ, ಆ ಬಳಿಕ ಕೈಬಿಡುತ್ತಾರೆ. ಅಷ್ಟು ಹೊತ್ತಿಗೆ ಒಟ್ಟು ವಯಸ್ಸಿನಲ್ಲಿ ಎರಡು ತಿಂಗಳ ಅಂತರಕ್ಕೆ ಹೆಚ್ಚಿನ ಮಹತ್ವ ಉಳಿದಿರುವುದಿಲ್ಲ.

ಆದರೆ ಒಂದು ಎಚ್ಚರಿಕೆ ಅಗತ್ಯ. ಲಸಿಕೆಗಳಿಗೆ ಸರಿಪಡಿಸಿದ ವಯಸ್ಸು ಅನ್ವಯಿಸುವುದಿಲ್ಲ. ದಿನ ತುಂಬದ ಮಕ್ಕಳಿಗೆ ಸೋಂಕಿನ ಅಪಾಯ ಹೆಚ್ಚಿರುವುದರಿಂದ, ವೈದ್ಯರು ಬೇರೆ ರೀತಿ ಹೇಳದ ಹೊರತು, ಹುಟ್ಟಿದ ದಿನದಿಂದ ಎಣಿಸಿದ ಕಾಲಕ್ಕೆ ಸರಿಯಾಗಿಯೇ ಲಸಿಕೆ ಹಾಕಿಸಬೇಕು. ‘ಇನ್ನೂ ನಾಲ್ಕೇ ತಿಂಗಳು’ ಎಂದು ಮುಂದೂಡಬಾರದು. ಜನನ ಪ್ರಮಾಣಪತ್ರದಲ್ಲಿ ಇರಬೇಕಾದುದೂ ಮಗು ನಿಜವಾಗಿ ಹುಟ್ಟಿದ ದಿನಾಂಕವೇ, ಹುಟ್ಟಬೇಕಾಗಿದ್ದ ದಿನಾಂಕವಲ್ಲ. ಮಗುವನ್ನು ಬೇರೆ ವೈದ್ಯರ ಬಳಿಗೆ ಕರೆದೊಯ್ಯುವಾಗ ಹುಟ್ಟಿದ ದಿನಾಂಕ ಮತ್ತು ಎಷ್ಟನೆಯ ವಾರಕ್ಕೆ ಹುಟ್ಟಿತು ಎಂಬುದು ಎರಡನ್ನೂ ಹೇಳಿ, ಉಳಿದ ಲೆಕ್ಕವನ್ನು ಅವರು ಮಾಡಿಕೊಳ್ಳುತ್ತಾರೆ.